ಹೇಳದೇ ಉಳಿದ ಎರಡನೇ ವಾರ

ತಮಿಳುನಾಡಿನ ನಮ್ಮೂರು ಕೊಂಬೈ ಸುತ್ತಮುತ್ತ ಎಲ್ಲಿ ಎತ್ತಿನ ವಂಡಿಯ ಪಂದ್ಯ ನಡೆದರೂ ನನ್ನ ಅಣ್ಣ ಯಾರಾದರೂ ಹೊಸಬರ ತೋಳು ಹಿಡಿದು ಕರೆತಂದು ನನ್ನ ಮುಂದೆ ನಿಲ್ಲಿಸುತ್ತಿದ್ದ. "ಇವ ನನ್ ತಂಬಿ. ಪ್ಲೇನ್ ಓಟ್ತಿದ್ದ. ತಟ್ಟಾನ್ ಚಿಟ್ಟು ಕಟ್ಕಂಡು ಪೆರಿಯ ಮಾಡ್ನ ಸೋಲ್ಸಿದವ," ಎನ್ನುತ್ತಿದ್ದ. ಹೊಸಬರು ನನ್ನನ್ನು ಮೇಲಿಂದ ಕೆಳಗೆ ನೋಡುತ್ತಿದ್ದರು. ನಾನು ಹೊಟ್ಟೆ ಒಳಗೆಳೆದುಕೊಂಡು ನಿಲ್ಲುತ್ತಿದ್ದೆ. ಇಪ್ಪತ್ತು ವರ್ಷ ಹೀಗೇ ನಡೆಯಿತು. ಈ ವರ್ಷದ ಪಂದ್ಯದಲ್ಲಿ ಮಾತ್ರ ಅಣ್ಣ "ಇವ ನನ್ ತಂಬಿ" ಎಂದಷ್ಟೇ ಹೇಳಿ ಎತ್ತುಗಳ ಕಡೆ ನಡೆದುಬಿಟ್ಟ.

ಅದು ಯಾಕೆಂದು ತಿಳಿಯಬೇಕಾದರೆ ಮೊದಲು ನಮ್ಮ ಪಂದ್ಯದ ಕ್ರಮ ಗೊತ್ತಿರಬೇಕು. ಇಲ್ಲಿ ಎತ್ತುಗಳನ್ನು ಸುಮ್ಮನೆ ಕಟ್ಟಿ ಓಡಿಸುವುದಿಲ್ಲ. ಹಿಂದಿನ ದಿನವೇ ನಾಲ್ಕು ಜನ ಹಿರಿಯರು ಬಂದು ಎತ್ತಿನ ಬಾಯಿ ತೆರೆದು ಹಲ್ಲು ನೋಡುತ್ತಾರೆ, ಕೋಲಿಟ್ಟು ಎತ್ತರ ಅಳೆಯುತ್ತಾರೆ. ಹಾಲುಹಲ್ಲಿನ ಚಿಕ್ಕವು ತಟ್ಟಾನ್ ಚಿಟ್ಟು. ಅದರ ಮೇಲೆ ತೇನ್ ಚಿಟ್ಟು, ಪೂಂಚಿಟ್ಟು. ಕೊನೆಗೆ ದೊಡ್ಡೆತ್ತು, ಪೆರಿಯ ಮಾಡು. ಆಯಾ ವರ್ಗದವು ಆಯಾ ವರ್ಗದಲ್ಲೇ ಓಡಬೇಕು. ಚಿಕ್ಕ ಜೋಡಿಯನ್ನು ದೊಡ್ಡ ಜೋಡಿಯ ಎದುರು ಬಿಡುವುದನ್ನು ಕಂಬಂ ಕಣಿವೆಯ ಯಾವ ರಸ್ತೆಯಲ್ಲೂ ಯಾರೂ ನೋಡಿಲ್ಲ. ಹಾಗಾಗಿ ಅಣ್ಣನ ಮಾತು ಕೇಳಿದವರು ಬಾಯಿ ಬಿಡುತ್ತಿದ್ದದ್ದರಲ್ಲಿ ತಪ್ಪೇನೂ ಇರಲಿಲ್ಲ.

ಅಣ್ಣನಿಗೆ ನನಗಿಂತ ಎಂಟು ವರ್ಷ ಹೆಚ್ಚು. ದ್ರಾಕ್ಷಿ ಚಪ್ಪರವೂ ಸ್ವಲ್ಪ ತೆಂಗೂ ಇವೆ, ಆದರೆ ಅವನ ಮನಸ್ಸು ಯಾವತ್ತೂ ಆ ಹಗುರವಾದ ಪಂದ್ಯದ ವಂಡಿಯ ಮೇಲೆಯೇ. ಪ್ರಾಯದಲ್ಲಿ ಅವನು ಹಗ್ಗ ಹಿಡಿದರೆ ಉತ್ತಮಪಾಳ್ಯದಿಂದ ಜನ ಬಂದು ರಸ್ತೆ ಬದಿಯಲ್ಲಿ ನಿಲ್ಲುತ್ತಿದ್ದರು. ಈಗ ಮಂಡಿ ಹೋಗಿದೆ, ಬೇರೆಯವರನ್ನು ಕೂರಿಸಿ ಓಡಿಸುತ್ತಾನೆ. ಗೆರೆಯ ಮೇಲೆ ವಂಡಿ ನಿಂತಾಗ ಸಾರಥಿಯ ತೊಡೆ ತಟ್ಟಿ ಅವನು ಹೇಳುವುದು ಒಂದೇ ಮಾತು: "ಮುಂದ್ನೇ ನೋಡು. ಪಿಂದೆ ತಿರ್ಗಬ್ಯಾಡ." ಹಿಂದೆ ನೋಡಿದವನ ಕೈ ಸಡಿಲವಾಗುತ್ತದೆ, ಹಗ್ಗ ಸಡಿಲವಾದರೆ ಎತ್ತಿಗೆ ತಿಳಿದುಹೋಗುತ್ತದೆ ಎಂದು ಅವನ ಲೆಕ್ಕ. ಎತ್ತಿಗೆ ಕೊಟ್ಟ ದುಡ್ಡು, ವಂಡಿಗೆ ಹಾಕಿದ ಬೇರಿಂಗು, ಇವೆಲ್ಲ ಅವನಿಗೆ ಎರಡನೆಯ ಮಾತು. ಕೈ ಇದ್ದರೆ ಉಳಿದದ್ದೆಲ್ಲ ತಾನಾಗಿ ಬರುತ್ತದೆ ಎಂದು ನಂಬಿದವನು.

ನಾನು ವಾಯುಪಡೆಯಲ್ಲಿ ಯುದ್ಧವಿಮಾನ ಹಾರಿಸಿದವನು. ನಿವೃತ್ತಿಯ ನಂತರ ಹೆಂಡತಿಯ ಕೆಲಸದ ಊರು ದಿಂಡಿಗಲ್‌ನಲ್ಲೇ ಉಳಿದಿದ್ದೇನೆ. ಮನೆಯಲ್ಲಿ ನಾವಾಡುವುದು ಕನ್ನಡವೇ, ಆದರೆ ಅದು ನಾನು ಪುಸ್ತಕಗಳಿಂದ ಕಲಿತ ಈ ಬರವಣಿಗೆಯ ಕನ್ನಡವಲ್ಲ. ಎಷ್ಟೋ ತಲೆಮಾರಿನ ಹಿಂದೆ ಬಂದವರ ಬಾಯಲ್ಲಿ ಉಳಿದು, ತಮಿಳಿನ ಜೊತೆ ಬೆಳೆದ ಕನ್ನಡ. ಕೆಲಸದ ಕಾಲದಲ್ಲಿ ಬೆಂಗಳೂರಿನ ಸಹೋದ್ಯೋಗಿಯೊಬ್ಬ ನಮ್ಮಣ್ಣನ ಫೋನ್ ಮಾತು ಕೇಳಿ, ಇದು ಯಾವ ಭಾಷೆ ಎಂದು ಕೇಳಿದ್ದ. ನಿನ್ನದೇ ಎಂದೆ. ಅವನು ಒಪ್ಪಲಿಲ್ಲ.

ಇನ್ನು ನನ್ನ ಗೆಲುವಿನ ವಿಷಯ. ಆಗ ನಾನಿದ್ದ ತುಕಡಿಯಲ್ಲಿದ್ದವು ಹಳೆಯ ವಿಮಾನಗಳು. ಚಿಕ್ಕವು, ಬೇಗ ತಿರುಗುವಂಥವು, ಒಳಗೆ ಕೂತರೆ ಮೊಣಕೈ ಆಡಿಸಲು ಜಾಗವಿಲ್ಲ. ಗಡಿಯಾಚೆಯ ನೆರೆಯವರು ಆ ಹೊತ್ತಿಗೆ ದೂರ ಕಾಣುವ ರಾಡಾರು, ದೂರ ಹೋಗುವ ಕ್ಷಿಪಣಿ ಇರುವ ವಿಮಾನಗಳನ್ನು ತರಿಸಿಕೊಂಡಿದ್ದರು. ನಮ್ಮಲ್ಲೂ ಬೇರೊಂದು ತುಕಡಿಗೆ ಅಂಥವೇ ಹೊಸ ವಿಮಾನ ಬಂದಿದ್ದವು. ಹಾಗಾಗಿ ಅವರಿಗೆ ನೆರೆಯವರ ವೇಷ ಹಾಕಿಸಿ, ನಮ್ಮನ್ನು ಎದುರಿಗೆ ಬಿಟ್ಟು, ಎರಡು ವಾರದ ಅಣಕು ಯುದ್ಧ ನಡೆಸಿದರು. ಗುಂಡು ಹಾರುವುದಿಲ್ಲ. ಯಾರು ಯಾರನ್ನು ಹೊಡೆದಂತಾಯಿತು ಎಂದು ಕೆಳಗೆ ಕೂತವರು ನೋಡಿ ತೀರ್ಪು ಕೊಡುತ್ತಾರೆ.

ಮೊದಲ ವಾರ ಒಂದು ನಿಯಮವಿತ್ತು. ದೂರದ ಕ್ಷಿಪಣಿ ಲೆಕ್ಕಕ್ಕಿಲ್ಲ. ಎದುರಾಳಿ ಬರಿಗಣ್ಣಿಗೆ ಕಂಡ ಮೇಲೆ ಹೊಡೆದರೆ ಮಾತ್ರ ಲೆಕ್ಕ. ಹತ್ತಿರದ ಕಾಳಗ ಮರೆತುಹೋಗಬಾರದು ಎಂಬ ಕಾರಣಕ್ಕೆ ಮಾಡಿದ್ದು, ಅದರಲ್ಲಿ ಮೋಸವೇನಿಲ್ಲ, ಎಲ್ಲರಿಗೂ ಮೊದಲೇ ಹೇಳಿದ್ದರು. ಆ ವಾರ ನನ್ನ ಕೈ ಚೆನ್ನಾಗಿ ನಡೆಯಿತು. ಹೊಸ ವಿಮಾನದವರ ಮುಖಂಡನ ಬೆನ್ನಿಗೆ ಎರಡು ಸಲ ಬಿದ್ದೆ. ಎರಡನೆಯ ಸಲ ಅವನು ಏನು ಮಾಡಿದರೂ ನಾನು ಬಿಡಲಿಲ್ಲ. ಇಳಿದ ಮೇಲೆ ಅವನೇ ಬಂದು ಕೈ ಕುಲುಕಿದ. ಇವತ್ತಿಗೂ ಆ ದಿನ ನೆನೆದರೆ ಖುಷಿಯಾಗುತ್ತದೆ, ಇಲ್ಲವೆಂದರೆ ಸುಳ್ಳಾಗುತ್ತದೆ.

ಅಂದು ಸಂಜೆ ಅಣ್ಣನಿಗೆ ಫೋನ್ ಮಾಡಿ, ಚಿಕ್ಕ ವಿಮಾನದಲ್ಲಿ ಹೋಗಿ ದೊಡ್ಡದನ್ನು ಹೊಡೆದೆ ಎಂದೆ. ಅವನು ಕೇಳಿದ: "ಅಲ್ಲ್ ನೋಡಿದ್ರಾ?"

ಹಲ್ಲು ನೋಡಿದರೇ ಎಂದು. ಅವನ ಮಟ್ಟಿಗೆ ಅದು ತಮಾಷೆಯ ಪ್ರಶ್ನೆಯಲ್ಲ. ಹಲ್ಲು ನೋಡಿ ಬಿಟ್ಟಿದ್ದಾರೆಂದರೆ ಮುಚ್ಚುಮರೆ ಇಲ್ಲ, ಎತ್ತು ತನ್ನ ಪೂರ್ತಿ ಬಲದಲ್ಲಿ ಓಡಿದೆ ಎಂದರ್ಥ. ನಾನು ಅದನ್ನು ತಮಾಷೆ ಎಂದುಕೊಂಡೆ. "ನೋಡಿದ್ರು, ನೋಡಿದ್ರು," ಎಂದು ನಕ್ಕೆ. ಮಾರನೆಯ ದಿನ ಟೀ ಅಂಗಡಿಯಲ್ಲಿ ಕತೆ ಹರಡಿತು. ಕೆಲವೇ ದಿನಗಳಲ್ಲಿ ಅಣ್ಣ ಬೋರ್ಡು ಬರೆಯುವವನನ್ನು ಕರೆಸಿ ವಂಡಿಯ ಹಿಂದಿನ ಹಲಗೆಯ ಮೇಲೆ ಎರಡು ವಿಮಾನ ಬರೆಸಿದ. ಮುಂದೆ ಚಿಕ್ಕದು, ಅದರ ಹಿಂದೆ ಬಾಲ ಮುದುರಿಕೊಂಡಂತೆ ದೊಡ್ಡದು. ಯಾರು ಯಾರ ಬೆನ್ನಿಗೆ ಬೀಳಬೇಕು ಎಂಬುದೇ ತಿರುಗುಮುರುಗಾಗಿತ್ತು. ಆಕಾಶದಲ್ಲಿ ಹಿಂದಿರುವವನೇ ಗೆದ್ದವನು. ನಮ್ಮ ರಸ್ತೆಯಲ್ಲಿ ಮುಂದಿರುವವನು. ನಾನು ತಿದ್ದಲು ಹೋಗಲಿಲ್ಲ.

ಎರಡನೆಯ ವಾರ ನಾನು ಊರಿಗೆ ಫೋನ್ ಮಾಡಲಿಲ್ಲ.

ಅದರ ನಂತರ ಕೆಲವು ವರ್ಷ ಗಡಿಯ ಹತ್ತಿರದ ನೆಲೆಯಲ್ಲಿದ್ದೆ. ನಾವು ನಮ್ಮ ಗೆರೆಯೊಳಗೆ ಗಸ್ತು ಹಾರುತ್ತಿದ್ದೆವು, ಅವರು ಅವರ ಗೆರೆಯೊಳಗೆ. ಎರಡೂ ಕಡೆಯವರು ಒಬ್ಬರನ್ನೊಬ್ಬರು ನೋಡುತ್ತ, ನೋಡಿಲ್ಲವೆಂಬಂತೆ ಹಾರುವುದು. ಅವರಲ್ಲಿ ಒಬ್ಬನಿದ್ದ, ಗಸ್ತಿನ ಕೊನೆಯಲ್ಲಿ ಯಾವಾಗಲೂ ಎಡಕ್ಕೇ ತಿರುಗುತ್ತಿದ್ದ. ತಿರುಗುವ ಮುಂಚೆ ಒಂದು ಕ್ಷಣ ಮೂಗು ಎತ್ತುತ್ತಿದ್ದ. ಅವನ ಹೆಸರು, ಮುಖ, ವಯಸ್ಸು ಏನೂ ಗೊತ್ತಿಲ್ಲ. ಕೈ ಮಾತ್ರ ಗೊತ್ತಿತ್ತು. ಒಳ್ಳೆಯ ಕೈ. ಅವನಿಗೂ ನನ್ನದು ಗೊತ್ತಿದ್ದಿರಬೇಕು. ಎದುರಾಳಿಯನ್ನು ಮೆಚ್ಚುವುದು ನಮ್ಮ ಕೆಲಸದಲ್ಲಿ ಹೇಳಿಕೊಳ್ಳುವ ವಿಷಯವಲ್ಲ, ಆದರೆ ನಾನು ಮೆಚ್ಚಿದ್ದೆ.

ಆಮೇಲೆ ಅವರಿಗೆ ಇನ್ನೂ ದೂರ ಹೋಗುವ ಕ್ಷಿಪಣಿ ಬಂತು. ಸ್ವಲ್ಪ ಕಾಲಕ್ಕೆ ನಮಗೂ ಬಂತು. ಅವರು ಗೆರೆಯಿಂದ ಹಿಂದಕ್ಕೆ ಸರಿದರು, ನಾವೂ ಸರಿದೆವು. ಎಡಕ್ಕೆ ತಿರುಗುವವನು ಪರದೆಯ ಮೇಲಿನ ಒಂದು ಚುಕ್ಕೆಯಾದ, ಆ ಚುಕ್ಕೆಗೂ ಬೇರೆ ಚುಕ್ಕೆಗೂ ವ್ಯತ್ಯಾಸವಿರಲಿಲ್ಲ. ನೆರೆಹೊರೆಯ ಈ ಪೈಪೋಟಿಯಲ್ಲಿ ನಾನು ಕಂಡದ್ದು ಇಷ್ಟೇ: ಒಬ್ಬನಿಗೆ ಹೊಸದು ಬಂದು ಇನ್ನೊಬ್ಬನಿಗೆ ಬರುವ ತನಕ ಒಂದು ಸಂದು ಇರುತ್ತದೆ. ಆ ಸಂದಿನಲ್ಲಿ ಹಳೆಯ ಯಂತ್ರ ಹಿಡಿದವನು ಕೈಯಿಂದ ತೂಗಿಸಿಕೊಂಡು ಹೋಗಬೇಕು. ತೂಗಿಸಿದರೆ ಶಹಬ್ಬಾಸ್ ಎನ್ನುತ್ತಾರೆ. ತೂಗಿಸಲಾಗದಿದ್ದರೆ ಮನೆಗೆ ಧ್ವಜ ಕಳಿಸುತ್ತಾರೆ.

ಈಚೆಗೆ ಗಡಿಯಲ್ಲಿ ಕೆಲವು ದಿನ ನಿಜವಾದ ಜಗಳವೇ ನಡೆಯಿತು. ಎರಡೂ ಕಡೆಯ ವಿಮಾನಗಳು ಗೆರೆ ದಾಟಲಿಲ್ಲ. ಅಲ್ಲಲ್ಲೇ ಇದ್ದುಕೊಂಡು, ಒಬ್ಬರಿಗೊಬ್ಬರು ಕಾಣದಷ್ಟು ದೂರದಿಂದ ಹೊಡೆದಾಡಿದರು. ದಿಂಡಿಗಲ್ ಮೇಲೆ ಹಾರುವವನು ತೇನಿ ಮೇಲಿರುವವನನ್ನು ಹೊಡೆದಂತೆ, ಅದಕ್ಕೂ ಹೆಚ್ಚು ದೂರದಿಂದ. ಆ ದಿನಗಳಲ್ಲಿ ಟೀವಿ ನೋಡಿದವರೆಲ್ಲ ಪೈಲಟ್ಟುಗಳಾಗಿದ್ದರು. ಊರಿಗೆ ಹೋಗಿದ್ದಾಗ ಕೊಂಬೈಯ ಟೀ ಅಂಗಡಿಯಲ್ಲಿ ಬಾಳೆಕಾಯಿ ವ್ಯಾಪಾರದವನೊಬ್ಬ ನನಗೆ ಕ್ಷಿಪಣಿಯ ದೂರ ಪಾಠ ಹೇಳಿದ. ಹಾರಿಸಿದ ಅನುಭವವಿದ್ದ ನಾನೊಬ್ಬನೇ ಅಲ್ಲಿ ಬಾಯಿ ಮುಚ್ಚಿಕೊಂಡಿದ್ದವನು. ನನಗೆ ಕೋಪ ಬರುತ್ತಿತ್ತು, ಆದರೆ ಅವನು ಹೇಳಿದ್ದರಲ್ಲಿ ಅರ್ಧ ಸರಿಯಾಗಿಯೂ ಇತ್ತು. ಅದೇ ಕೋಪಕ್ಕೆ ಇನ್ನೊಂದು ಕಾರಣ.

ಅಂಗಡಿಯ ಮೂಲೆಯಲ್ಲಿ ಅಣ್ಣ ಕೂತಿದ್ದ. ಟೀವಿಯಲ್ಲಿ ಹೊಲವೊಂದರಲ್ಲಿ ಬಿದ್ದ ಸುಟ್ಟ ತಗಡನ್ನು ಮತ್ತೆ ಮತ್ತೆ ತೋರಿಸುತ್ತಿದ್ದರು. ಯಾರದು ಎಂದು ಅವರಿಗೇ ಖಚಿತವಿರಲಿಲ್ಲ. ಅಣ್ಣ ಅದನ್ನೇ ನೋಡುತ್ತಿದ್ದ. ಟೀ ಮೇಲೆ ಕೆನೆ ಕಟ್ಟಿತ್ತು.

ಅವನ ಭಯಕ್ಕೆ ಕಾರಣವಿತ್ತು. ಅವನ ಒಬ್ಬಳೇ ಮಗಳು ವಾಯುಪಡೆ ಸೇರಿ ಹಾರಾಟದ ಮೊದಲ ಹಂತದ ತರಬೇತಿ ಮುಗಿಸಿದ್ದಳು. ಚಿಕ್ಕವಳಿದ್ದಾಗ ಆ ಹಲಗೆಯ ಮೇಲಿನ ಎರಡು ವಿಮಾನಗಳ ಮೇಲೆ ಬೆರಳಾಡಿಸುತ್ತ ಕೂರುತ್ತಿದ್ದವಳು. ಅಪ್ಪನ ಬಾಯಿಂದ ನನ್ನ ಕತೆಯನ್ನು ಎಷ್ಟು ಸಲ ಕೇಳಿದ್ದಳೋ ಲೆಕ್ಕವಿಲ್ಲ. ಈಗ ಮುಂದಿನ ಹಂತಕ್ಕೆ ಅವಳ ಆಯ್ಕೆ ಕೇಳಿದ್ದರು: ಯುದ್ಧವಿಮಾನವೋ, ಅಥವಾ ನೆಲದ ಮೇಲೆ ಕೂತು ದೂರದಿಂದ ನಡೆಸುವ, ಒಳಗೆ ಮನುಷ್ಯನಿಲ್ಲದ ವಿಮಾನವೋ. ರಜೆ ಮುಗಿಸಿ ಸೋಮವಾರ ಮರಳಿದಾಗ ಬರೆದುಕೊಡಬೇಕು. ಅವಳ ಮನಸ್ಸು ಯಾವ ಕಡೆ ಎಂದು ಮನೆಯಲ್ಲಿ ಯಾರಿಗೂ ಅನುಮಾನವಿರಲಿಲ್ಲ.

ಶುಕ್ರವಾರ ಅಣ್ಣ ಫೋನ್ ಮಾಡಿ ಬಾ ಎಂದ. ಶನಿವಾರ ಬೆಳಿಗ್ಗೆ ದಿಂಡಿಗಲ್‌ನಿಂದ ಬಸ್ಸು ಹಿಡಿದೆ. ವತ್ತಲಗುಂಡು, ಪೆರಿಯಕುಳಂ, ತೇನಿ. ಅಲ್ಲಿ ಬಸ್ಸು ಬದಲಿಸಿ ಚಿನ್ನಮನೂರು, ಉತ್ತಮಪಾಳ್ಯ. ಕೊಂಬೈಯಲ್ಲಿ ಇಳಿದರೆ ಅಣ್ಣ ನಿಲ್ದಾಣದಲ್ಲೇ ನಿಂತಿದ್ದ. ಮನೆಗೆ ಕರೆದುಕೊಂಡು ಹೋಗದೆ ನೇರ ದ್ರಾಕ್ಷಿ ಚಪ್ಪರದ ಕಡೆ ನಡೆದ.

"ಅವ್ಳ ಮನ್ಸ ನೀ ತಿರ್ಗ್ಸಬೇಕು," ಎಂದ. "ಕುರ್ಚೀಲಿ ಕುಂತು ಓಟ್ಟೋದೂ ಪ್ಲೇನೇ ತಾನೆ? ಸಂಬ್ಳಾನೂ ಅದೇ. ನಾ ಯೋಳಿದ್ರೆ ನಗ್ತಾಳೆ. ನೀ ಯೋಳಿದ್ರೆ ಕೇಳ್ತಾಳೆ."

"ನಾನು ಓಟ್ಟಿದ್ದೆ, ನೀನು ಓಟ್ಟಬ್ಯಾಡ ಅಂತ ಎಂಗೆ ಯೋಳೋದು?" ಎಂದೆ.

ಅವನು ಒಂದು ಒಣಗಿದ ಬಳ್ಳಿಯ ತುದಿ ಮುರಿದು ಬೆರಳಲ್ಲಿ ತಿರುಗಿಸಿದ. "ಟೀವೀಲಿ ನೋಡ್ದೆ. ಕಾಣ್ದೇನೇ ಒಡೀತಾರಂತೆ. ಕಾಣ್ದವನ ಮುಂದೆ ಕೈ ಏನ್ ಮಾಡುತ್ತೆ? ನೀ ಗೆದ್ದಾಗ ಅವ್ರ ತಾವ ಆ ಬಾಣ ಇರ್ಲಿಲ್ವಾ?"

"ಇತ್ತು."

"ಅಂಗಾರೆ ಎಂಗೆ ಗೆದ್ದೆ?"

ಇಪ್ಪತ್ತು ವರ್ಷದಲ್ಲಿ ಯಾರೂ ಕೇಳದ ಪ್ರಶ್ನೆಯನ್ನು, ವಿಮಾನ ಹತ್ತದ ನನ್ನ ಅಣ್ಣ ಕೇಳಿದ್ದ. ಆ ವಾರ ಅದನ್ನು ಲೆಕ್ಕಕ್ಕೆ ಇಟ್ಟುಕೊಂಡಿರಲಿಲ್ಲ ಎಂದು ಹೇಳಿದೆ. ಅವನು ನನ್ನನ್ನು ನೋಡಿದ.

"ಪೆರಿಯ ಮಾಡ್ನ ಕಾಲ್ ಕಟ್ಟಿ ಬಿಟ್ಟಿದ್ರು," ಎಂದ.

"ಅಂಗೇ ಅಂದ್ಕೊ."

"ಅಲ್ಲ್ ನೋಡಿದ್ರು ಅಂತ ನೀನೇ ಯೋಳ್ದೆ."

ನನಗೆ ನಾಚಿಕೆಯಾಯಿತು. ಐವತ್ತಾರು ವರ್ಷದವನಿಗೆ ಅಣ್ಣನ ಮುಂದೆ ಅಷ್ಟು ನಾಚಿಕೆಯಾಗಬಹುದೆಂದು ನಾನು ಅಂದುಕೊಂಡಿರಲಿಲ್ಲ. ಅಣ್ಣ ಬೈಯಲಿಲ್ಲ, ನಿಟ್ಟುಸಿರೂ ಬಿಡಲಿಲ್ಲ. ಕೈಯಲ್ಲಿದ್ದ ಬಳ್ಳಿಯ ತುಂಡನ್ನು ಕೆಳಗೆ ಹಾಕಿ, "ಸರಿ, ಅದ್ನೇ ಅವ್ಳಿಗೆ ಯೋಳು. ಆಗ ತಿರ್ಗ್ತಾಳೆ," ಎಂದ. ಅವನ ಕತೆ ಮುರಿದುಬಿದ್ದ ಗಳಿಗೆಯಲ್ಲೇ ಅದರ ತುಂಡು ಹಿಡಿದು ಮಗಳನ್ನು ಉಳಿಸಿಕೊಳ್ಳುವ ದಾರಿ ಕಂಡುಕೊಂಡಿದ್ದ. ನಾನು ಒಪ್ಪಿಕೊಂಡೆ.

ಭಾನುವಾರ ಬೆಳಿಗ್ಗೆ ಅವಳು ವಂಡಿ ನಿಲ್ಲಿಸುವ ಕೊಟ್ಟಿಗೆಯಲ್ಲಿದ್ದಳು. ಚಕ್ರ ಬಿಚ್ಚಿ ಅಚ್ಚಿಗೆ ಗ್ರೀಸು ಹಚ್ಚುತ್ತಿದ್ದಳು. ರಜೆಗೆ ಬಂದರೆ ಅದು ಅವಳದೇ ಕೆಲಸ. ಅಣ್ಣ ಆಚೆ ಕಂಬಕ್ಕೆ ಕಟ್ಟಿದ್ದ ಎತ್ತಿನ ಮೈ ಉಜ್ಜುತ್ತಿದ್ದ. ಮಾತು ಕೇಳಿಸುವಷ್ಟು ಹತ್ತಿರ, ಕೇಳುತ್ತಿಲ್ಲವೆಂದು ತೋರಿಸಿಕೊಳ್ಳುವಷ್ಟು ದೂರ. ಅವಳಿಗೆ ನಮ್ಮ ಕನ್ನಡ ಪೂರ್ತಿ ತಿಳಿಯುತ್ತದೆ, ಆದರೆ ಉತ್ತರ ಕೊಡುವುದು ತಮಿಳಿನಲ್ಲಿ. ಅವಳ ವಯಸ್ಸಿನವರೆಲ್ಲ ಹಾಗೇ.

ನಾನು ಒಂದು ಗೋಣಿಚೀಲದ ಮೇಲೆ ಕೂತು ಶುರುಮಾಡಿದೆ. "ನಾ ಗೆದ್ದ ಕತೆ ನಿಂಗೆ ಗೊತ್ತು. ಅದು ಮೊದಲ್ನೇ ವಾರದ್ದು. ಎರಡ್ನೇ ವಾರ ಅಂತ ಒಂದಿತ್ತು."

ಅವಳು ತಲೆಯೆತ್ತಿದಳು.

ಎರಡನೆಯ ವಾರ ಆ ನಿಯಮ ತೆಗೆದರು, ಎಲ್ಲವೂ ಲೆಕ್ಕಕ್ಕೆ ಬಂತು ಎಂದು ಹೇಳಿದೆ. ಸೋಮವಾರ ಬೆಳಿಗ್ಗೆ ಹಾರಿದೆ. ಎದುರು ಯಾರೂ ಕಾಣಲಿಲ್ಲ. ಆಕಾಶ ತೊಳೆದಿಟ್ಟಂತಿತ್ತು. ರೇಡಿಯೋದಲ್ಲಿ ಕೆಳಗಿನವನು ನನ್ನ ಸಂಖ್ಯೆ ಕರೆದು, ನೀನು ಸತ್ತೆ, ಮನೆಗೆ ಹೋಗು ಎಂದ. ಏರಿ ಹದಿನೈದು ನಿಮಿಷವೂ ಆಗಿರಲಿಲ್ಲ. ಟ್ಯಾಂಕಿನ ತುಂಬ ಇಂಧನವಿತ್ತು. ಏನೂ ಮಾಡಲು ಉಳಿದಿರಲಿಲ್ಲ, ತಿರುಗಿಸಿಕೊಂಡು ಬಂದೆ. ಮಂಗಳವಾರವೂ ಅದೇ. ಬುಧವಾರ ಬೆಳಿಗ್ಗೆ ಒಮ್ಮೆ, ಮಧ್ಯಾಹ್ನ ಒಮ್ಮೆ. ಶುಕ್ರವಾರದ ತನಕ ಹೀಗೇ. ಹೋದ ವಾರ ನನ್ನ ಕೈ ಕುಲುಕಿದ್ದ ಅದೇ ಮುಖಂಡನೇ ಹೆಚ್ಚಿನ ಸಲ ಹೊಡೆದದ್ದು. ಸಂಜೆ ಅವನು ನನ್ನ ಮುಖ ನೋಡದೆ ಊಟದ ತಟ್ಟೆ ನೋಡಿಕೊಂಡು ಕೂರುತ್ತಿದ್ದ. ಅವನಿಗೂ ಅದು ಗೆಲುವು ಅನ್ನಿಸಿರಲಿಲ್ಲವೇನೋ.

ಹೊಡೆತ ಬರುವುದು ನಿಮಗೆ ಗೊತ್ತಾಗುತ್ತಿತ್ತೇ ಎಂದು ಅವಳು ತಮಿಳಿನಲ್ಲಿ ಕೇಳಿದಳು.

"ಕಿವೀಲಿ ಒಂದು ಗುಯ್ ಅನ್ನೋ ಸದ್ದು ಬರ್ತಿತ್ತು. ಯಾರೋ ನಿನ್ ಮೇಲೆ ಕಣ್ಣಿಟ್ಟವ್ರೆ ಅಂತ. ಯಾವ ಕಡೆ ಅಂತ ಅಂದಾಜು ಅಷ್ಟೇ. ಯಾರು, ಎಷ್ಟು ದೂರ, ಒಂದೂ ಗೊತ್ತಾಗ್ತಿರ್ಲಿಲ್ಲ. ಅದು ಕೇಳಿ ಸ್ವಲ್ಪ ಒತ್ತಿಗೆ ಸತ್ತೋಗಿರ್ತಿದ್ದೆ."

ಅವಳ ಕೈಯಲ್ಲಿ ಗ್ರೀಸು ಹಾಗೇ ಇತ್ತು. ಎತ್ತು ಉಜ್ಜುವ ಸದ್ದೂ ನಿಂತಿತ್ತು. ನಾನು ಅಲ್ಲಿಗೇ ನಿಲ್ಲಿಸಬಹುದಿತ್ತು. ಅಣ್ಣ ಕೇಳಿದ್ದು ಅಷ್ಟನ್ನೇ. ಆದರೆ ಒಂದು ಸಲ ಅರ್ಧ ಹೇಳಿ ಇಪ್ಪತ್ತು ವರ್ಷ ಕಳೆದಿದ್ದೆ. ಇನ್ನೊಂದು ಸಲ ಅರ್ಧಕ್ಕೆ ಬಿಡಲು ಮನಸ್ಸು ಬರಲಿಲ್ಲ. ಅದು ಪ್ರಾಮಾಣಿಕತೆಯೋ, ಪೂರ್ತಿ ಸೋತವನಾಗಿ ಅವಳ ಕಣ್ಣಿಗೆ ಕಾಣಬಾರದೆಂಬ ಆಸೆಯೋ, ಈಗಲೂ ನನಗೆ ಸರಿಯಾಗಿ ಗೊತ್ತಿಲ್ಲ.

"ಶನಿವಾರ ಕೊನೇ ಸಲ ಮೇಲೇರ್ದೆ," ಎಂದೆ. "ಅವತ್ತು ಒಂದ್ ಬಾಣ ದಂಡವಾಗೋ ಅಂಗೆ ಮಾಡ್ದೆ. ಒಂದೇ. ಎರಡ್ನೇದು ನನ್ನ ಒಡೀತು. ಅರ್ಧ ನಿಮ್ಸ ಎಚ್ಚು ಬದುಕಿದ್ದೆ, ಅಷ್ಟೇ."

ಅವಳು ಗ್ರೀಸಿನ ಡಬ್ಬಿಯನ್ನು ಪಕ್ಕಕ್ಕೆ ಸರಿಸಿ, ಲಂಗದ ಅಂಚಿಗೆ ಕೈ ಒರೆಸಿಕೊಂಡು, ನನ್ನ ಎದುರಿಗೆ ನೆಲದ ಮೇಲೆ ಕಾಲು ಮಡಿಸಿ ಕೂತಳು.

"ಎಂಗೆ?" ಎಂದಳು. ತಮಿಳಿನಲ್ಲಲ್ಲ, ನಮ್ಮ ಮಾತಿನಲ್ಲಿ.

ನಾನು ಹೇಳಿದೆ. ಹೇಳದೆ ಇರಲಾಗಲಿಲ್ಲ. ಐದು ದಿನ ಸತ್ತು ಸತ್ತು, ಆ ಗುಯ್ ಸದ್ದು ಬಂದಾಗಿನಿಂದ ರೇಡಿಯೋ ಕರೆಯುವ ತನಕ ಎಷ್ಟು ಎಣಿಸಬಹುದು ಎಂದು ಲೆಕ್ಕ ಹಿಡಿದಿದ್ದೆ. ಶನಿವಾರ ಸದ್ದು ಬಂದ ಕೂಡಲೇ ಅದರತ್ತ ಹೋಗಲಿಲ್ಲ, ಬೆನ್ನು ಹಾಕಿ ಓಡಲೂ ಇಲ್ಲ. ಅಡ್ಡಕ್ಕೆ ತಿರುಗಿದೆ. ಅವರ ರಾಡಾರು ಎದುರು ಬರುವವನನ್ನೂ ಓಡಿಹೋಗುವವನನ್ನೂ ಚೆನ್ನಾಗಿ ಹಿಡಿಯುತ್ತದೆ. ಅಡ್ಡ ಹೋಗುವವನು, ಅದರಲ್ಲೂ ನೆಲಕ್ಕೆ ಹತ್ತಿರವಿದ್ದರೆ, ಸ್ವಲ್ಪ ಹೊತ್ತು ನೆಲದ ಜೊತೆ ಬೆರೆತುಹೋಗುತ್ತಾನೆ. ಕೆಳಗೆ ಒಣಗಿದ ಹೊಳೆಯೊಂದಿತ್ತು. ಅದರ ದಡಗಳ ನಡುವೆ ಇಳಿದು, ಮನಸ್ಸಿನಲ್ಲಿ ಎಣಿಸುತ್ತ ಹಾರಿದೆ. ಎಣಿಕೆ ಮುಗಿಯಿತು, ರೇಡಿಯೋ ಕರೆಯಲಿಲ್ಲ. ಆ ಮೌನದಷ್ಟು ಹಿತವಾದದ್ದನ್ನು ನಾನು ಮತ್ತೆ ಕೇಳಿಲ್ಲ. ಖುಷಿಯಲ್ಲಿ ತಲೆ ಎತ್ತಿ ಮೇಲೆ ಬಂದೆ, ಎರಡನೆಯದು ಹೊಡೆಯಿತು.

"ಮೇಲೆ ಯಾಕ್ ಬಂದ್ರಿ?" ಎಂದಳು. ಈಗಲೂ ನಮ್ಮ ಮಾತೇ. ಉಚ್ಚಾರ ತೊದಲುತ್ತಿತ್ತು.

"ಗೆದ್ದೆ ಅನ್ಕಂಡೆ."

ಅವಳು ನಗಲಿಲ್ಲ. ಒಂದು ಕಡ್ಡಿ ತೆಗೆದುಕೊಂಡು ಮಣ್ಣಿನ ನೆಲದ ಮೇಲೆ ಹೊಳೆಯನ್ನು ಗೀಚಿದಳು, ಎರಡು ದಡ ಗೀಚಿದಳು, ಶತ್ರು ಎಲ್ಲಿದ್ದ ಎಂದು ಕೇಳಿ ಅಲ್ಲೊಂದು ಕಲ್ಲಿಟ್ಟಳು. ಹೊಳೆ ಇಲ್ಲದಿದ್ದರೆ, ಈಗಿನ ಕ್ಷಿಪಣಿಯಾಗಿದ್ದರೆ, ಮೇಲೆ ಇನ್ನೊಂದು ವಿಮಾನ ಕೂತು ಅವನಿಗೆ ದಾರಿ ಹೇಳುತ್ತಿದ್ದರೆ, ಹೀಗೆ ಕೇಳುತ್ತಲೇ ಹೋದಳು. ಈಗಿನದಕ್ಕೆ ನನ್ನ ಉಪಾಯ ಸಾಲದು ಎಂದೆ. ಸಾಲದಿದ್ದರೆ ಬೇರೆ ಹುಡುಕಬೇಕಲ್ಲ ಎಂದು, ನನಗಲ್ಲ, ನೆಲದ ಮೇಲಿನ ಗೆರೆಗೆ ಹೇಳಿದಳು. ಅವಳ ದನಿಯಲ್ಲಿ ಹುರುಪೇನೂ ಇರಲಿಲ್ಲ. ಕೆಲಸ ಸಿಕ್ಕವರ ದನಿಯಲ್ಲಿರುವಂಥದ್ದು ಏನೋ ಇತ್ತು.

ನಾನು ತಲೆ ಎತ್ತಿ ನೋಡಿದರೆ ಅಣ್ಣ ಕೊಟ್ಟಿಗೆಯ ಬಾಗಿಲಲ್ಲಿ ನಿಂತಿದ್ದ, ಕೈಯಲ್ಲಿ ಹುಲ್ಲಿನ ಉಂಡೆ. ಅವನು ಮಗಳ ಮುಖವನ್ನೇ ನೋಡುತ್ತಿದ್ದ. ನೊಗ ಹೊರುವ ಮೊದಲೇ ಯಾವ ಎತ್ತು ಮುಂದಕ್ಕೆ ಬಾಗುತ್ತದೆ ಎಂದು ಕಂಡುಹಿಡಿಯುವುದರಲ್ಲಿ ನಲವತ್ತು ವರ್ಷ ಕಳೆದವನು. ಅವನಿಗೆ ಇನ್ನೇನೂ ಕೇಳುವ ಅಗತ್ಯವಿರಲಿಲ್ಲ.

ಊಟದ ಮೇಲೆ ಅವನು ನನ್ನ ಪಕ್ಕ ಜಗಲಿಯ ಮೇಲೆ ಕೂತ. "ನೀ ಸತ್ತ ಆ ಶುಕ್ರವಾರದ ಮಟ್ಟಕ್ಕೆ ಯೋಳಿ ನಿಲ್ಸಿದ್ರೆ ಆಗ್ತಿತ್ತು," ಎಂದ.

"ಆಗ್ತಿತ್ತು," ಎಂದೆ.

"ಸೋತದ್ದ ಯೋಳಿದ್ರೆ ಪಿಂದಕ್ಕೆ ಸರೀತಾಳೆ ಅಂದ್ಕಂಡೆ. ಅವ್ಳು ಎಂಗೆ ಅಂತ ಕೇಳ್ದ್ಳು."

ಅವನಿಗೆ ನನ್ನ ಮೇಲೆ ಕೋಪವಿತ್ತೋ ಇಲ್ಲವೋ ತಿಳಿಯಲಿಲ್ಲ. ಸ್ವಲ್ಪ ಹೊತ್ತಿಗೆ ಎದ್ದು ಒಳಗೆ ಹೋಗಿ ಅವಳ ಪೆಟ್ಟಿಗೆ ಕಟ್ಟಲು ಹಗ್ಗ ಹುಡುಕತೊಡಗಿದ. ಈಗಿನ ಪೆಟ್ಟಿಗೆಗಳಿಗೆ ಹಗ್ಗ ಬೇಡ ಎಂದು ಅತ್ತಿಗೆ ಹೇಳಿದರೂ ಹುಡುಕುವುದನ್ನು ಬಿಡಲಿಲ್ಲ.

ಅದೇ ಮಧ್ಯಾಹ್ನ ಹೊರಟೆವು. ಅವಳಿಗೆ ದಿಂಡಿಗಲ್‌ನಲ್ಲಿ ರೈಲು, ನನಗೆ ಅಲ್ಲೇ ಮನೆ. ಅಣ್ಣ ಉತ್ತಮಪಾಳ್ಯದವರೆಗೆ ಬರುತ್ತೇನೆಂದವನು ತೇನಿಯವರೆಗೆ ಬಂದ. ತೇನಿ ನಿಲ್ದಾಣದಲ್ಲಿ ದಿಂಡಿಗಲ್ ಬಸ್ಸು ಸಿದ್ಧವಾಗಿತ್ತು. ಅವಳು ಕಿಟಕಿಯ ಪಕ್ಕ ಕೂತಳು, ನಾನು ಅವಳ ಪಕ್ಕ. ಅಣ್ಣ ಕೆಳಗೆ ನಿಂತು ದ್ರಾಕ್ಷಿಯ ಚೀಲವನ್ನು ಕಿಟಕಿಯೊಳಗೆ ತೂರಿಸಿದ. ಏನು ಬರೆದುಕೊಡುತ್ತೀ ಎಂದು ಅವನು ಕೇಳಲಿಲ್ಲ, ಅವಳೂ ಹೇಳಲಿಲ್ಲ.

ಚಾಲಕ ಬಂದು ಕೂತು ಎಂಜಿನ್ ಶುರುಮಾಡಿದ. ಅಣ್ಣ ಕಿಟಕಿಯ ಕಂಬಿ ಹಿಡಿದು ಹತ್ತಿರ ಬಂದ. ಗೆರೆಯ ಮೇಲೆ ನಿಂತ ವಂಡಿಗೆ ಹೇಳುವ ಆ ಮಾತನ್ನೇ ಹೇಳುತ್ತಾನೆ ಎಂದುಕೊಂಡೆ. ಅವಳಿಗೂ ಹಾಗೇ ಅನ್ನಿಸಿರಬೇಕು, ಮುಗುಳ್ನಗಲು ಸಿದ್ಧವಾಗಿದ್ದಳು.

"ಮುಂದ್ನೇ ನೋಡು ಅಂತ ನಾ ಎಲ್ರಿಗೂ ಯೋಳ್ತೀನಿ," ಎಂದ. "ನೀ ಪಿಂದೆ ನೋಡು, ಮಗ್ಳೆ. ಗೆದ್ದೆ ಅಂತ ಅನ್ಸಿದಾಗ್ಲೂ ಒಂದ್ಸಲ ತಿರ್ಗಿ ನೋಡು."

ಅವಳು ತಲೆಯಾಡಿಸಿದಳು. ಬಸ್ಸು ಹಿಂದಕ್ಕೆ ಸರಿದು, ಮುಂದಕ್ಕೆ ಹೊರಳಿ ನಿಲ್ದಾಣದಿಂದ ಆಚೆ ಬಂತು. ಅವಳು ಕಿಟಕಿಯಿಂದ ಹೊರಗೆ ತಲೆ ಹಾಕಿ ಅಪ್ಪ ಹೇಳಿದಂತೆಯೇ ಹಿಂದಕ್ಕೆ ತಿರುಗಿ ನೋಡುತ್ತಿದ್ದಳು, ಅವನು ಕಾಣದಾದ ಮೇಲೂ ನೋಡುತ್ತಲೇ ಇದ್ದಳು. ದ್ರಾಕ್ಷಿಯ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ನಾನು ಮುಂದಿನ ರಸ್ತೆ ನೋಡುತ್ತಿದ್ದೆ, ಹಿಂದೆ ತಿರುಗಿ ಅಣ್ಣನ ಮುಖ ನೋಡುವ ಧೈರ್ಯ ನನಗಿರಲಿಲ್ಲ.